ಮನೆಯ ತೋಟ: ಶೀತದೇಶದಲ್ಲಿ ಕ್ಲೆಮ್ಯಾಟಿಸ್ ಬಳ್ಳಿ

ವಸಂತವು ಎಲ್ಲ ದೇಶಗಳಿಗೂ ಒಂದೇ ಕಾಲದಲ್ಲಿ ಬರುವುದಿಲ್ಲ. ನಮ್ಮಲ್ಲಿ ಯುಗಾದಿಯ ಹೊತ್ತಿಗೆ ಮಾವು ಬೇವುಗಳು ಚಿಗುರಿ ನಿಂತಿರುವಾಗ, ಕೆನಡಾ ದೇಶದ ಮ್ಯಾನಿಟೋಬ ಪ್ರಾಂತದಲ್ಲಿ ಹಿಮವು ಇನ್ನೂ ಅಂಗಳವನ್ನು ಬಿಟ್ಟು ತೊಲಗಿರುವುದಿಲ್ಲ. ಅಲ್ಲಿ ಏಪ್ರಿಲ್ ಕಳೆದು ಮೇ ತಿಂಗಳು ಬಂದರೂ, ಗೋಡೆಗೆ ಹಬ್ಬಿಸಿದ ಕ್ಲೆಮ್ಯಾಟಿಸ್ ಬಳ್ಳಿಯು ಒಣಗಿದ ಹಗ್ಗದಂತೆ ಜೋತುಕೊಂಡಿರುತ್ತದೆ. ಹಿಂದಿನ ಬೇಸಗೆಯಲ್ಲಿ ಅಂಗೈಯಗಲದ ನೀಲಿ ಹೂವುಗಳನ್ನು ಮೈತುಂಬ ಹೊತ್ತಿದ್ದ ಬಳ್ಳಿಯೇ ಇದು ಎಂದರೆ ನಂಬುವುದು ಕಷ್ಟ. ಇಂಥ ಸಮಯದಲ್ಲಿ ಮನೆಯವರು ಎರಡು ತಪ್ಪುಗಳಲ್ಲೊಂದನ್ನು ಮಾಡಿಬಿಡುವುದುಂಟು. ಕೆಲವರು ಬಳ್ಳಿಯು ಸತ್ತಿತೆಂದೆಣಿಸಿ ಅದನ್ನು ಬೇರುಸಹಿತ ಕಿತ್ತೆಸೆಯುತ್ತಾರೆ. ಮತ್ತೆ ಕೆಲವರು ಅಂಗಳವನ್ನು ಚೊಕ್ಕಟಮಾಡುವ ಉತ್ಸಾಹದಲ್ಲಿ ಕತ್ತರಿಯನ್ನು ಹಿಡಿದು, ಕೈಗೆ ಸಿಕ್ಕಿದ್ದನ್ನೆಲ್ಲ ನೆಲಮಟ್ಟಕ್ಕೆ ಸವರಿಬಿಡುತ್ತಾರೆ. ಮೊದಲನೆಯವರು ಹತ್ತಾರು ವರ್ಷ ಬಾಳಬಹುದಾಗಿದ್ದ ಗಿಡವನ್ನೇ ಕಳೆದುಕೊಳ್ಳುತ್ತಾರೆ. ಎರಡನೆಯವರು ಅನೇಕ ವೇಳೆ ಒಂದು ವರ್ಷದ ಹೂವನ್ನು ಕಳೆದುಕೊಳ್ಳುತ್ತಾರೆ.

ನಮ್ಮ ನಾಡಿನ ಎಷ್ಟೋ ಸಂಸಾರಗಳು ಈಗ ಅಂಥ ಶೀತದೇಶಗಳಲ್ಲಿ ನೆಲಸಿರುವುವು. ಮಲ್ಲಿಗೆ ಸೇವಂತಿಗೆಗಳನ್ನು ಬೆಳಸಿ ಅಭ್ಯಾಸವಾದ ಕೈಗಳು ಅಲ್ಲಿಯೂ ಬಾಗಿಲ ಪಕ್ಕದಲ್ಲಿ ಒಂದು ಹೂಬಳ್ಳಿಯನ್ನು ಹಬ್ಬಿಸಬೇಕೆಂದು ಬಯಸುವುದು ಸಹಜವೇ ಆಗಿದೆ. ಮಲ್ಲಿಗೆಯು ಅಲ್ಲಿಯ ಹೊರಗಾಳಿಯಲ್ಲಿ ಒಂದು ಚಳಿಗಾಲವನ್ನೂ ಕಳೆಯಲಾರದು. ಆದರೆ ಕ್ಲೆಮ್ಯಾಟಿಸ್ ಬಳ್ಳಿಯ ಎಷ್ಟೋ ತಳಿಗಳು ಅದನ್ನು ತಡೆದುಕೊಂಡು ನಿಲ್ಲಬಲ್ಲುವು. ಆದಕಾರಣ ಈ ತಿಂಗಳು ಆ ಬಳ್ಳಿಯನ್ನು ನೆಟ್ಟು ಸಾಕುವ ಕ್ರಮವನ್ನೂ, ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ಯಾವಾಗ ಎಷ್ಟರಮಟ್ಟಿಗೆ ಸವರಬೇಕೆಂಬುದನ್ನೂ ವಾಚಕರ ಮುಂದಿಡಲು ಬಯಸುತ್ತೇವೆ.

ಕ್ಲೆಮ್ಯಾಟಿಸ್ ಎಂಬುದು ಒಂದೇ ಬಳ್ಳಿಯ ಹೆಸರಲ್ಲ. ಅದೊಂದು ದೊಡ್ಡ ಕುಲ. ಲೋಕದ ನಾನಾ ಭಾಗಗಳಲ್ಲಿ ಇದರ ಸುಮಾರು ೩೦೦ ಜಾತಿಗಳುಂಟು. ಹೆಸರು ಗ್ರೀಕ್ ಭಾಷೆಯದು. ಬಳ್ಳಿಯ ಕುಡಿ ಎಂಬರ್ಥದ ಮಾತಿನಿಂದ ಹುಟ್ಟಿದ್ದು. ಈ ಕುಲವು ನಮಗೆ ತೀರ ಪರಕೀಯವೂ ಅಲ್ಲ. ನಮ್ಮ ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಚಿಕ್ಕ ಬಿಳಿಯ ಹೂಗೊಂಚಲುಗಳನ್ನು ಬಿಟ್ಟು, ಆಮೇಲೆ ರೇಷ್ಮೆಯ ನೂಲಿನಂಥ ಬಾಲವುಳ್ಳ ಬೀಜಗಳನ್ನು ಹೊರುವ ಒಂದು ಕಾಡುಬಳ್ಳಿಯುಂಟು. ಅದು ಇದೇ ಕುಲದ್ದು. ಮರಾಠಿಗರು ಈ ಜಾತಿಯ ಕಾಡುಬಳ್ಳಿಗಳನ್ನು ಮೋರವೇಲ ಎಂದು ಕರೆಯುವರು. ಹಿಮಾಲಯದಲ್ಲಿ ಮೊಂಟಾನ ಎಂಬ ಮತ್ತೊಂದು ಜಾತಿಯು ಸ್ವಾಭಾವಿಕವಾಗಿ ಬೆಳೆಯುತ್ತದೆ. ಹಿಂದುಸ್ಥಾನದ ಗವರ್ನರ್ ಜನರಲ್ ಆಗಿದ್ದ ಆಮ್‌ಹರ್ಸ್ಟ್ ಪ್ರಭುವಿನ ಪತ್ನಿಯು ಅದನ್ನು ಇಂಗ್ಲೆಂಡಿನ ತೋಟಗಳಿಗೆ ಪರಿಚಯಮಾಡಿಕೊಟ್ಟಳು. ಅದು ಅಲ್ಲಿಗೆ ಮುಟ್ಟಿದ್ದು ೧೮೩೧ನೆಯ ಇಸವಿಯಲ್ಲಿ.

ಈ ಬಳ್ಳಿಯ ಎರಡು ಲಕ್ಷಣಗಳನ್ನು ಬೆಳಸುವವರು ಮೊದಲೇ ತಿಳಿದಿರುವುದು ಒಳ್ಳೆಯದು. ಒಂದನೆಯದು, ಇದರ ಹೂವಿನಲ್ಲಿ ನಾವು ಎಸಳುಗಳೆಂದು ಎಣಿಸುವುವು ನಿಜವಾದ ಎಸಳುಗಳಲ್ಲ. ಬೇರೆ ಹೂವುಗಳಲ್ಲಿ ಮೊಗ್ಗನ್ನು ಮುಚ್ಚಿಕೊಂಡಿರುವ ಹಸುರು ಪುಷ್ಪಪತ್ರಗಳೇ ಇಲ್ಲಿ ಬಣ್ಣವನ್ನು ತಾಳಿ ಅರಳುವುವು. ಈ ಕಾರಣದಿಂದ ಹೂವು ಬಳ್ಳಿಯ ಮೇಲೆ ಬಹುದಿನ ನಿಲ್ಲುತ್ತದೆ. ಎರಡನೆಯದು, ಇದು ಹಬ್ಬುವ ರೀತಿ. ಹಾಗಲ ಕುಂಬಳಗಳಂತೆ ಇದಕ್ಕೆ ಬೇರೆ ನುಲಿಬಳ್ಳಿಗಳಿಲ್ಲ. ಐವಿ ಬಳ್ಳಿಯಂತೆ ಗೋಡೆಯನ್ನು ಕಚ್ಚುವ ಬೇರುಗಳೂ ಇಲ್ಲ. ಎಲೆಯ ತೊಟ್ಟೇ ಇದರ ಕೈ. ಎಳೆಯ ತೊಟ್ಟಿಗೆ ಯಾವುದಾದರೂ ಕಡ್ಡಿ ಸೋಂಕಿದರೆ ಅದು ಮೆಲ್ಲಗೆ ಬಾಗಿ ಕಡ್ಡಿಯನ್ನು ಸುತ್ತಿಕೊಂಡು, ಆಮೇಲೆ ದಪ್ಪವಾಗಿ ಗಡುಸಾಗುತ್ತದೆ. ಚಾರ್ಲ್ಸ್ ಡಾರ್ವಿನ್ ಪಂಡಿತನು ೧೮೬೫ರಲ್ಲಿ ಪ್ರಕಟಿಸಿದ ಹಬ್ಬುವ ಸಸ್ಯಗಳ ಕುರಿತಾದ ಪ್ರಬಂಧದಲ್ಲಿ ಕ್ಲೆಮ್ಯಾಟಿಸ್‌ನ ಹಲವು ಜಾತಿಗಳನ್ನು ಪರೀಕ್ಷಿಸಿ ಈ ಸಂಗತಿಯನ್ನು ವಿವರಿಸಿದ್ದಾನೆ. ತೊಟ್ಟು ಎಷ್ಟೆಂದರೂ ಗಿಡ್ಡದು; ದಪ್ಪ ಕಂಬವನ್ನು ಅದು ತಬ್ಬಲಾರದು. ಆದುದರಿಂದ ಹಂದರಕ್ಕೆ ಸೀಸದಕಡ್ಡಿಗಿಂತ ದಪ್ಪವಲ್ಲದ ತಂತಿ, ಹುರಿ, ಇಲ್ಲವೆ ಸಣ್ಣ ಕಡ್ಡಿಗಳನ್ನು ಉಪಯೋಗಿಸತಕ್ಕದ್ದು.

ಇನ್ನು ಚಳಿಯು ಈ ಬಳ್ಳಿಗೆ ಏನು ಮಾಡುತ್ತದೆಂಬುದನ್ನು ನೋಡೋಣ. ಮ್ಯಾನಿಟೋಬದ ಮುಖ್ಯ ಪಟ್ಟಣವಾದ ವಿನಿಪೆಗ್‌ನಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣಮಾನವು ಸೊನ್ನೆಗಿಂತ ೩೦ ಸೆಂಟಿಗ್ರೇಡ್ ಡಿಗ್ರಿ ಕೆಳಕ್ಕೆ ಇಳಿಯುವುದು ಅಪರೂಪವಲ್ಲ. ಮೇ ತಿಂಗಳ ಕೊನೆಯವರೆಗೂ ನೀರು ಹೆಪ್ಪುಗಟ್ಟುವಂಥ ರಾತ್ರಿಗಳು ಬರಬಹುದು. ಸೆಪ್ಟೆಂಬರ್ ಮುಗಿಯುವುದರೊಳಗೆ ಅವು ಮತ್ತೆ ಹಾಜರಾಗುವುವು. ಇಂಥ ಚಳಿಯಲ್ಲಿ ಗಾಳಿಗೆ ಒಡ್ಡಿಕೊಂಡಿರುವ ಕಡ್ಡಿಗಳಲ್ಲಿ ಅನೇಕ ತಳಿಗಳ ಜೀವವು ಉಳಿಯುವುದಿಲ್ಲ. ಆದರೆ ನೆಲದೊಳಗಿನ ಸ್ಥಿತಿಯೇ ಬೇರೆ. ಬಿದ್ದ ಹಿಮದ ಕಣಗಳ ನಡುವೆ ಗಾಳಿಯು ಸೆರೆಸಿಕ್ಕಿರುವುದರಿಂದ ಹಿಮವು ಅರಳೆಯ ರಜಾಯಿಯಂತೆ ನೆಲವನ್ನು ಕಾಪಾಡುತ್ತದೆ. ಮೇಲೆ ಪ್ರಾಣಾಂತಕವಾದ ಚಳಿಯಿದ್ದರೂ, ಎರಡು ಅಡಿ ಹಿಮದ ಕೆಳಗೆ ಬೇರುಗಳೂ ಬುಡದ ಕಣ್ಣುಗಳೂ ಸುಖವಾಗಿ ನಿದ್ದೆಮಾಡುತ್ತಿರುತ್ತವೆ. ಬಳ್ಳಿಗೆ ನಿಜವಾದ ಅಪಾಯವು ಹಿಮ ಬಿದ್ದ ವರ್ಷಕ್ಕಿಂತ ಹಿಮವಿಲ್ಲದೆ ಬರಿಯ ಚಳಿ ಬಿದ್ದ ವರ್ಷದಲ್ಲಿಯೇ ಹೆಚ್ಚು. ನಡುವೆ ನಾಲ್ಕು ದಿನ ಬೆಚ್ಚಗಾಗಿ, ಕಣ್ಣುಗಳು ಮೋಸಹೋಗಿ ಎಚ್ಚತ್ತು, ಮತ್ತೆ ಚಳಿ ಬಿದ್ದರೆ ಅದೂ ಕೇಡೇ.

ಮೇಲೆ ಹೇಳಿದ್ದರಿಂದ ಒಂದು ವಿಷಯವು ಸ್ಪಷ್ಟವಾಗುತ್ತದೆ. ಶೀತದೇಶದಲ್ಲಿ ಬಳ್ಳಿಯ ಬುಡವು ಉಳಿಯುವುದು ಹೆಚ್ಚು ಖಚಿತ, ಮೇಲಿನ ಕಡ್ಡಿಯು ಉಳಿಯುವುದು ಸಂದೇಹ. ಆದುದರಿಂದ ಕತ್ತರಿಯನ್ನು ಎತ್ತುವ ಮೊದಲು, ಅಷ್ಟೇ ಏಕೆ, ಗಿಡವನ್ನು ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ ಒಂದೇ: ಈ ಬಳ್ಳಿಯು ಹೂ ಬಿಡುವುದು ಹೋದ ವರ್ಷದ ಬಲಿತ ಕಡ್ಡಿಯ ಮೇಲೋ, ಈ ವರ್ಷ ಬುಡದಿಂದೆದ್ದ ಹೊಸ ಚಿಗುರಿನ ಮೇಲೋ? ಇದಕ್ಕೆ ದೊರೆಯುವ ಉತ್ತರವನ್ನು ಅನುಸರಿಸಿ ತೋಟಗಾರರು ಕ್ಲೆಮ್ಯಾಟಿಸ್‌ಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದ್ದಾರೆ. ನಮ್ಮ ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಈ ವಿಚಾರವು ಹೊಸದಲ್ಲ. ಅವರು ವರ್ಷಕ್ಕೆರಡು ಸಲ, ಏಪ್ರಿಲ್‌ನಲ್ಲಿ ಕಡ್ಡಿಯನ್ನು ಬೆಳಸುವುದಕ್ಕೂ ಅಕ್ಟೋಬರ್‌ನಲ್ಲಿ ಹಣ್ಣನ್ನು ಪಡೆಯುವುದಕ್ಕೂ, ಲೆಕ್ಕವಿಟ್ಟು ಚಾಟ್ನಿ ಮಾಡುತ್ತಾರೆ. ಯಾವ ಕಣ್ಣು ಫಲ ಕೊಡುವುದೆಂಬುದನ್ನರಿಯದೆ ದ್ರಾಕ್ಷಿಯ ತೋಟದಲ್ಲಿ ಕತ್ತರಿಯಾಡಿಸಿದವನ ಗತಿಯೇನಾಗುವುದೆಂಬುದನ್ನು ಅವರನ್ನು ಕೇಳಿದರೆ ತಿಳಿಯುವುದು.

ಒಂದನೆಯ ವರ್ಗದ ಬಳ್ಳಿಗಳು ವಸಂತದ ಆದಿಯಲ್ಲಿ, ಹೋದ ವರ್ಷದ ಕಡ್ಡಿಯ ಮೇಲೆಯೇ ಹೂ ಬಿಡುವುವು. ಆಲ್ಪೈನ, ಮ್ಯಾಕ್ರೋಪೆಟಲ, ಹಿಮಾಲಯದ ಮೊಂಟಾನ, ಇವು ಈ ವರ್ಗದವು. ಇವುಗಳ ಹೂವಿನ ಕಣ್ಣುಗಳು ಹಿಂದಿನ ಬೇಸಗೆಯಲ್ಲಿಯೇ ರೂಪುಗೊಂಡು, ಚಳಿಗಾಲವನ್ನೆಲ್ಲ ಕಡ್ಡಿಯ ಮೇಲೆ ಕಳೆಯಬೇಕು. ಆದುದರಿಂದ ಇವನ್ನು ವಸಂತದ ಮೊದಲಿಗೆ ಸವರಿದರೆ ಅರಳಬೇಕಾದ ಹೂವನ್ನೇ ಕತ್ತರಿಸಿ ಹಾಕಿದಂತಾಯಿತು. ಇವಕ್ಕೆ ಸವರುವಿಕೆ ಬೇಕಾದದ್ದು ಕಡಮೆ. ಹೂವು ಮುಗಿದೊಡನೆ, ಜೂನ್ ತಿಂಗಳ ಹೊತ್ತಿಗೆ, ಒಣಗಿದ ಕಡ್ಡಿಗಳನ್ನೂ ಅಳತೆಮೀರಿ ಹಬ್ಬಿದ ಕುಡಿಗಳನ್ನೂ ತೆಗೆದರೆ ಸಾಕು. ಆಮೇಲೆ ಬೆಳೆದ ಕಡ್ಡಿಗಳನ್ನು ಮುಟ್ಟಬಾರದು. ಮುಂದಿನ ವಸಂತದ ಹೂವು ಅವುಗಳಲ್ಲಿರುತ್ತದೆ.

ಹಾಗಾದರೆ ಕಡುಚಳಿಯ ನಾಡಿನಲ್ಲಿ ಈ ವರ್ಗದವನ್ನು ಬೆಳಸುವುದೇ ವ್ಯರ್ಥವಲ್ಲವೆ ಎಂದು ವಾಚಕರು ಕೇಳಬಹುದು. ಮೊಂಟಾನದ ವಿಷಯದಲ್ಲಿ ಅದು ನಿಜ. ಅದು ಹಿಮಾಲಯದ ಮಗಳಾದರೂ ಕೆನಡಾದ ಬಯಲಿನ ಚಳಿಯನ್ನು ತಾಳಲಾರದು. ಇಂಗ್ಲೆಂಡಿನಂಥ ಸೌಮ್ಯವಾದ ಹವೆಯೇ ಅದಕ್ಕೆ ಸರಿ. ಆದರೆ ಆಲ್ಪೈನ ಮ್ಯಾಕ್ರೋಪೆಟಲಗಳ ಕಡ್ಡಿಯು ಮಹಾ ಗಟ್ಟಿ. ಇವುಗಳ ಉಪಯೋಗವನ್ನು ಮ್ಯಾನಿಟೋಬದವರಿಗೆ ತೋರಿಸಿಕೊಟ್ಟವರಲ್ಲಿ ಫ್ರಾಂಕ್ ಲೀತ್ ಸ್ಕಿನ್ನರ್ ಎಂಬುವರು ಮುಖ್ಯರು. ಅವರು ೧೮೮೨ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ೧೮೯೫ರಲ್ಲಿ ಬಾಲಕರಾಗಿರುವಾಗಲೇ ತಂದೆತಾಯಿಗಳೊಡನೆ ಮ್ಯಾನಿಟೋಬಕ್ಕೆ ಬಂದರು. ಅಲ್ಲಿಯ ಡ್ರಾಪ್‌ಮೋರ್ ಎಂಬ ಹಳ್ಳಿಯ ಬಳಿ ಬೇಸಾಯಗಾರರಾಗಿದ್ದ ಅವರು, ನ್ಯುಮೋನಿಯಾ ಬೇನೆಯಿಂದ ಶರೀರಶಕ್ತಿಯು ಕುಂದಿದ ಮೇಲೆ, ಚಳಿಯನ್ನು ತಾಳುವ ಗಿಡಗಳನ್ನು ಹುಡುಕಿ, ಬೆರಕೆಮಾಡಿ, ಹೊಸ ತಳಿಗಳನ್ನು ಎಬ್ಬಿಸುವ ಕೆಲಸಕ್ಕೆ ತಮ್ಮ ಆಯುಸ್ಸನ್ನು ಮುಡಿಪಾಗಿಟ್ಟರು. ಮ್ಯಾಕ್ರೋಪೆಟಲ ಮೂಲದಿಂದ ಅವರು ಪಡೆದ ‘ಬ್ಲೂ ಬರ್ಡ್’, ‘ರೋಸಿ ಓ’ಗ್ರೇಡಿ’, ‘ವೈಟ್ ಸ್ವಾನ್’ ಎಂಬ ನೀಲಿ, ಗುಲಾಬಿ, ಬಿಳಿಯ ಬಳ್ಳಿಗಳು ಇಂದಿಗೂ ಶೀತದೇಶದ ತೋಟಗಳಲ್ಲಿ ಅರಳುತ್ತಿವೆ. ಇವುಗಳ ಹೂವು ದೊಡ್ಡದಲ್ಲ, ತಲೆತಗ್ಗಿಸಿದ ಗಂಟೆಯಂತಿರುತ್ತದೆ. ಆದರೆ ಸೊನ್ನೆಯಿಂದ ೩೫ ಡಿಗ್ರಿ ಕೆಳಗಿನ ಚಳಿಯನ್ನುಂಡೂ ವಸಂತದಲ್ಲಿ ಕಡ್ಡಿತುಂಬ ಅರಳುವ ಬಳ್ಳಿಗೆ ಅಷ್ಟೇ ಸಾಲದೆ? ಸ್ಕಿನ್ನರ್ ಅವರು ೧೯೬೭ರಲ್ಲಿ ತೀರಿಕೊಂಡರು.

ಎರಡನೆಯ ವರ್ಗದವು ಎರಡು ಸಲ ಹೂ ಬಿಡುವುವು. ಬೇಸಗೆಯ ಮೊದಲಿಗೆ ಹೋದ ವರ್ಷದ ಕಡ್ಡಿಯಿಂದೆದ್ದ ಗಿಡ್ಡ ಚಿಗುರಿನ ಮೇಲೆ ದೊಡ್ಡ ಹೂವು. ಬೇಸಗೆಯ ಕೊನೆಗೆ ಹೊಸ ಚಿಗುರಿನ ಮೇಲೆ ಸ್ವಲ್ಪ ಚಿಕ್ಕ ಹೂವು. ತಟ್ಟೆಯಷ್ಟಗಲದ ಹೂವುಳ್ಳ ಪ್ರಸಿದ್ಧ ತಳಿಗಳಲ್ಲಿ ಅನೇಕವು ಈ ವರ್ಗದವೇ. ತಿಳಿಗೆಂಪಿನ ನಡುವೆ ಕಡುಗೆಂಪು ಪಟ್ಟೆಯುಳ್ಳ ‘ನೆಲ್ಲಿ ಮೋಸರ್’ ೧೮೯೭ರಲ್ಲಿ ಫ್ರಾನ್ಸ್ ದೇಶದಿಂದ ಬಂದದ್ದು. ನೇರಿಳೆ ಬಣ್ಣದ ‘ದಿ ಪ್ರೆಸಿಡೆಂಟ್’ ಅದಕ್ಕಿಂತಲೂ ಹಳೆಯದು. ಇವನ್ನು ವಸಂತದಲ್ಲಿ ಹಗುರವಾಗಿ ಸವರಬೇಕು. ಹೇಗೆಂದರೆ, ಪ್ರತಿಯೊಂದು ಕಡ್ಡಿಯನ್ನೂ ತುದಿಯಿಂದ ಕೆಳಕ್ಕೆ ನೋಡುತ್ತ ಬಂದು, ಗಿಣ್ಣಿನ ಎರಡು ಪಕ್ಕಗಳಲ್ಲಿಯೂ ಉಬ್ಬಿದ ಕಣ್ಣುಗಳು ಮೊದಲು ಕಂಡ ಕಡೆ, ಅವುಗಳ ಸ್ವಲ್ಪ ಮೇಲೆ ಕತ್ತರಿಸತಕ್ಕದ್ದು. ಶೀತದೇಶದಲ್ಲಿ ಈ ಕೆಲಸಕ್ಕೆ ಅವಸರಪಡಬಾರದು. ಕಣ್ಣುಗಳು ಉಬ್ಬುವವರೆಗೆ ಕಾದರೆ ಜೀವವಿರುವ ಕಡ್ಡಿ ಯಾವುದು, ಒಣಕಲು ಯಾವುದು ಎಂಬುದನ್ನು ಬಳ್ಳಿಯೇ ತೋರಿಸುತ್ತದೆ. ಕಡುಚಳಿಯ ವರ್ಷದಲ್ಲಿ ಹಿಮದ ಮಟ್ಟದಿಂದ ಮೇಲಿರುವ ಕಡ್ಡಿಯೆಲ್ಲ ಸತ್ತು, ಇವುಗಳ ಮೊದಲನೆಯ ಹೂವು ತಪ್ಪಿಹೋಗುವುದುಂಟು. ಆಗ ಶ್ರಾವಣದ ಹೊತ್ತಿಗೆ ಬರುವ ಹೂವಿನಲ್ಲಿಯೇ ತೃಪ್ತಿಪಡಬೇಕು. ಕೆಲವರು ಹೇಮಂತದಲ್ಲಿ ಬಳ್ಳಿಯನ್ನು ಹಂದರದಿಂದ ಬಿಡಿಸಿ ನೆಲದ ಮೇಲೆ ಮಲಗಿಸಿ, ಒಣಗಿದೆಲೆಗಳನ್ನು ಹೊದಿಸಿ, ಮೇಲೆ ಹಿಮವನ್ನು ಒಟ್ಟುವರು. ಶ್ರಮಪಡಲು ಮನಸ್ಸಿದ್ದವರಿಗೆ ಇದು ಒಳ್ಳೆಯ ಉಪಾಯ.

ಮೂರನೆಯ ವರ್ಗದವು ಆ ವರ್ಷದ ಹೊಸ ಚಿಗುರಿನ ಮೇಲೆ ಮಾತ್ರ, ಬೇಸಗೆಯ ನಡುವಿನಿಂದ ಹೂ ಬಿಡುವುವು. ಹಳೆಯ ಕಡ್ಡಿಯು ಸತ್ತರೆ ಇವಕ್ಕೆ ನಷ್ಟವೇ ಇಲ್ಲ. ಶೀತದೇಶದಲ್ಲಿ ಮೊದಲ ಸಲ ಬಳ್ಳಿಯನ್ನು ಬೆಳಸುವವರಿಗೆ ನಾವು ಈ ವರ್ಗವನ್ನೇ ಶಿಫಾರಸು ಮಾಡುವೆವು. ಇವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ‘ಜಾಕ್ಮಾನಿ’. ಇಂಗ್ಲೆಂಡಿನ ಸರ್ರೆ ಪ್ರಾಂತದ ವೋಕಿಂಗ್ ಎಂಬಲ್ಲಿ ಜಾಕ್ಮನ್ ಮನೆತನದವರ ಸಸ್ಯಕ್ಷೇತ್ರವಿತ್ತು. ಅಲ್ಲಿ ೧೮೫೮ರಲ್ಲಿ ಮಾಡಿದ ಬೆರಕೆಯಿಂದ ಹುಟ್ಟಿದ ಈ ಬಳ್ಳಿಯು ೧೮೬೩ರಲ್ಲಿ ಪ್ರದರ್ಶಿತವಾಗಿ, ಅದರ ಗಾಢ ನೇರಿಳೆ ಹೂವಿನಿಂದ ಜನರನ್ನು ಬೆರಗುಗೊಳಿಸಿತು. ಅಂದಿನಿಂದ ಇಂದಿನವರೆಗೆ ಶೀತದೇಶದ ಮನೆಗಳ ಮುಂದೆ ಅದರ ರಾಜ್ಯವು ಅಳಿದಿಲ್ಲ. ಯೂರೋಪಿನ ದಕ್ಷಿಣ ಭಾಗದ ವಿಟಿಸೆಲ್ಲ ಜಾತಿಯೂ, ಅದರಿಂದ ಹುಟ್ಟಿದ ‘ಎತ್ವಾಲ್ ವಿಯೊಲೆತ್’ ಮೊದಲಾದವುಗಳೂ, ಹಳದಿಯ ಲಾಂದ್ರದಂಥ ಹೂವುಳ್ಳ ಟ್ಯಾಂಗುಟಿಕವೂ ಈ ವರ್ಗಕ್ಕೆ ಸೇರಿದುವು.

ಈ ವರ್ಗದವನ್ನು ಸವರುವುದು ಎಲ್ಲಕ್ಕಿಂತ ಸುಲಭ. ಆದರೆ ಅದಕ್ಕೆ ಎದೆಗಾರಿಕೆ ಬೇಕು. ವಸಂತದ ಆದಿಯಲ್ಲಿ ಬಳ್ಳಿಯನ್ನೆಲ್ಲ ನೆಲದಿಂದ ಒಂದಡಿಯ ಎತ್ತರಕ್ಕೆ, ಗಟ್ಟಿಯಾದ ಒಂದು ಜೊತೆ ಕಣ್ಣುಗಳ ಮೇಲೆ ಕತ್ತರಿಸಿಬಿಡಬೇಕು. ಕಣ್ಣುಗಳು ಕಾಣದಿದ್ದರೂ ಚಿಂತೆಯಿಲ್ಲ. ನೆಲದೊಳಗಿಂದ ಹೊಸ ಕುಡಿಗಳು ಏಳುವುವು. ಆರೇಳು ಅಡಿ ಬೆಳೆದ ಬಳ್ಳಿಯನ್ನು ಮೊಳದೊಳಕ್ಕೆ ಇಳಿಸಲು ಯಾರ ಕೈಯಾದರೂ ಹಿಂಜರಿಯುವುದು ಸಹಜ. ಆದರೆ ಜಾಕ್ಮಾನಿಯು ಒಂದೇ ಬೇಸಗೆಯಲ್ಲಿ ಮತ್ತೆ ಹತ್ತಡಿಯವರೆಗೆ ಏರಬಲ್ಲುದು. ಕನಿಕರಪಟ್ಟು ಕತ್ತರಿಸದೆ ಬಿಟ್ಟ ಬಳ್ಳಿಯಲ್ಲಿ, ಬದುಕುಳಿದ ಹಳೆಯ ಕಡ್ಡಿಯ ತುದಿಯಿಂದ ಚಿಗುರು ಹೊರಟು, ಕೆಳಗೆಲ್ಲ ಬರಿಯ ಸೌದೆಯಾಗಿ, ಹೂವು ಸೂರಿನ ಮೇಲೆ ಯಾರಿಗೂ ಕಾಣದ ಕಡೆ ಅರಳುವುದು. ಇಲ್ಲಿ ಕನಿಕರವೇ ಬಳ್ಳಿಗೆ ಶತ್ರು.

ಈ ಮೂರನೆಯ ವರ್ಗವನ್ನು ಹೆಚ್ಚಿಸಿದವರಲ್ಲಿ ಪೋಲೆಂಡ್ ದೇಶದ ಒಬ್ಬ ಸಾಧುವಿನ ಹೆಸರನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಆ ದೇಶದ ರಾಜಧಾನಿಯಾದ ವಾರ್ಸಾ ನಗರವು ಎರಡನೆಯ ಮಹಾಯುದ್ಧದಲ್ಲಿ, ವಿಶೇಷವಾಗಿ ೧೯೪೪ರಲ್ಲಿ, ಬಹುಮಟ್ಟಿಗೆ ನೆಲಸಮವಾಯಿತು. ಯುದ್ಧವು ಮುಗಿದ ಮೇಲೆ ಆ ನಗರದ ಜೆಸೂಟ್ ಮಠದ ತೋಟದಲ್ಲಿ ಬ್ರದರ್ ಸ್ಟೆಫಾನ್ ಫ್ರಾನ್‌ಚಾಕ್ ಎಂಬುವರು ಕ್ಲೆಮ್ಯಾಟಿಸ್ ಬಳ್ಳಿಗಳನ್ನು ಬೆರಕೆಮಾಡುತ್ತ ದೀರ್ಘಕಾಲ ದುಡಿದರು. ತಾವು ಪಡೆದ ಹೊಸ ತಳಿಗಳಿಗೆ ಅವರು ಇಟ್ಟ ಹೆಸರುಗಳಲ್ಲಿ ಅವರ ದೇಶದ ಚರಿತ್ರೆಯೇ ಅಡಗಿದೆ. ಒಂದರ ಹೆಸರು ವಾರ್ಸಾ ನಗರದ ವಿಜಯದೇವತೆ. ಮತ್ತೊಂದರ ಹೆಸರು ‘ವೆಸ್ಟರ್‌ಪ್ಲಾಟ್ಟೆ’, ೧೯೩೯ರಲ್ಲಿ ಯುದ್ಧದ ಮೊದಲ ಏಟನ್ನು ತಿಂದ ಸ್ಥಳ. ಇನ್ನೊಂದು ‘ಎಮಿಲಿಯ ಪ್ಲಾಟರ್’, ೧೮೩೦ರ ದಂಗೆಯ ಕಾಲದಲ್ಲಿ ಶಸ್ತ್ರ ಹಿಡಿದು ಹೋರಾಡಿದ ವೀರಸ್ತ್ರೀಯದು. ಈ ಎಮಿಲಿಯವೂ, ‘ನೀಲಿಯ ದೇವದೂತ’ ಎಂಬರ್ಥದ ಹೆಸರುಳ್ಳ ತಿಳಿನೀಲಿಯ ಬಳ್ಳಿಯೂ ಮೂರನೆಯ ವರ್ಗದವು. ನೆಲದ ಹತ್ತಿರಕ್ಕೆ ಸವರಿದರೂ ಬೇಸಗೆಗೆ ಮತ್ತೆ ಎದ್ದುನಿಲ್ಲುವುವು. ಫ್ರಾನ್‌ಚಾಕ್ ಅವರು ೧೯೧೭ರಲ್ಲಿ ಹುಟ್ಟಿ ೨೦೦೯ರಲ್ಲಿ ಕಾಲವಾದರು.

ಇನ್ನು ನೆಡುವ ಕ್ರಮ. ಈ ಬಳ್ಳಿಗೆ ತಲೆಯ ಮೇಲೆ ಬಿಸಿಲು, ಕಾಲಿಗೆ ನೆರಳು ಬೇಕು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ, ಗಾಳಿಯ ಹೊಡೆತವಿಲ್ಲದ ಕಡೆಯನ್ನು ಆರಿಸಬೇಕು; ಮನೆಯ ಪೂರ್ವದ ಮಗ್ಗುಲು ಸಾಮಾನ್ಯವಾಗಿ ಒಳ್ಳೆಯದು. ದಕ್ಷಿಣದ ಗೋಡೆಯ ಬುಡದಲ್ಲಿ ಚಳಿಗಾಲದ ಬಿಸಿಲಿಗೆ ಹಿಮವು ಬೇಗ ಕರಗಿ, ಬುಡವು ಬತ್ತಲೆಯಾಗುವ ಭಯವುಂಟು. ಸೂರಿನ ಕೆಳಗಿನ ನೆಲಕ್ಕೆ ಮಳೆ ತಾಕುವುದಿಲ್ಲವಾದ್ದರಿಂದ ಗೋಡೆಯಿಂದ ಒಂದೂವರೆ ಅಡಿಯಾದರೂ ಈಚೆಗೆ ಗುಂಡಿಯನ್ನು ತೆಗೆಯತಕ್ಕದ್ದು. ಗುಂಡಿಯು ಒಂದೂವರೆ ಅಡಿ ಅಗಲ, ಅಷ್ಟೇ ಆಳವಿರಲಿ. ವಿನಿಪೆಗ್ ಸುತ್ತಣ ನೆಲವು ಅಂಟು ಜೇಡಿಮಣ್ಣು. ಅಂಥ ಕಡೆ ಚೆನ್ನಾಗಿ ಕಳಿತ ಎಲೆಗೊಬ್ಬರವನ್ನು ಧಾರಾಳವಾಗಿ ಬೆರಸಿ ಮಣ್ಣನ್ನು ಸಡಿಲಮಾಡಬೇಕು. ಮಣ್ಣಿನಲ್ಲಿ ಸ್ವಲ್ಪ ಸುಣ್ಣದ ಅಂಶವಿದ್ದರೆ ಈ ಬಳ್ಳಿಗೆ ತೊಂದರೆಯಿಲ್ಲ. ನೀರು ನಿಂತರೆ ಮಾತ್ರ ಬೇರು ಕೊಳೆಯುವುದು.

ಆಳವಾಗಿ ನೆಡುವುದು ಇದರಲ್ಲಿ ಮುಖ್ಯವಾದ ಮರ್ಮ. ಬೇರೆ ಗಿಡಗಳನ್ನು ಕುಂಡದಲ್ಲಿದ್ದ ಮಟ್ಟಕ್ಕೇ ನೆಡುವುದು ವಾಡಿಕೆ. ದೊಡ್ಡ ಹೂವಿನ ಕ್ಲೆಮ್ಯಾಟಿಸನ್ನಾದರೋ ಅದಕ್ಕಿಂತ ಎರಡು ಮೂರು ಅಂಗುಲ ಕೆಳಗೆ, ಕಾಂಡದ ಒಂದೆರಡು ಗಿಣ್ಣುಗಳು ಮಣ್ಣಿನಲ್ಲಿ ಮುಚ್ಚಿಹೋಗುವಂತೆ ನೆಡಬೇಕು. ಆ ಗಿಣ್ಣುಗಳ ಕಣ್ಣುಗಳೇ ಬಳ್ಳಿಯ ಗುಪ್ತಧನ. ಮೇಲಿನದು ಚಳಿಗೆ ಸತ್ತರೂ, ಇಲಿ ಮೊಲಗಳು ಕಡಿದರೂ, ರೋಗವು ತಗುಲಿದರೂ ಕೆಳಗಿನಿಂದ ಚಿಗುರು ಬರುವುದು ಅವುಗಳಿಂದಲೇ. ನೆಟ್ಟ ಮೇಲೆ ಬುಡದ ಸುತ್ತ ಗಿಡ್ಡ ಹೂಗಿಡಗಳನ್ನು ಹಾಕಿದರೆ ನೆರಳಾಗುವುದು. ಮೊದಲ ಎರಡು ಬೇಸಗೆಗಳಲ್ಲಿ ವಾರಕ್ಕೆ ಎರಡು ಸಲ ಬೇರಿಗೆ ಇಳಿಯುವಂತೆ ನೀರು ಹೊಯ್ಯಬೇಕು. ಮೇಲುಮೇಲಕ್ಕೆ ಚಿಮುಕಿಸಿದರೆ ಸಾಲದು. ಯಾವ ವರ್ಗದ ಬಳ್ಳಿಯಾದರೂ, ನೆಟ್ಟ ಮರುವರ್ಷದ ವಸಂತದಲ್ಲಿ ಒಂದು ಸಲ ಅದನ್ನು ಅಡಿಯೆತ್ತರಕ್ಕೆ ಸವರುವುದು ಲೇಸು. ಇದರಿಂದ ಬುಡದಲ್ಲಿ ಅನೇಕ ಕವಲುಗಳೊಡೆದು ಬಳ್ಳಿಯು ತುಂಬಿಕೊಳ್ಳುವುದು. ಮೊದಲನೆಯ ವರ್ಷ ನಿದ್ದೆ, ಎರಡನೆಯ ವರ್ಷ ತೆವಳಿಕೆ, ಮೂರನೆಯ ವರ್ಷ ನೆಗೆತ ಎಂದು ಅಲ್ಲಿಯ ತೋಟಗಾರರು ಹೇಳುವುದುಂಟು. ಎರಡು ವರ್ಷ ಹೂವಿಲ್ಲವೆಂದು ಬೇಸರಪಡುವವರು ಈ ಮಾತನ್ನು ನೆನೆಯುವುದೊಳ್ಳೆಯದು.

ಚಳಿಗಾಲದ ಕೆಲಸವು ಸ್ವಲ್ಪ. ಹೇಮಂತದಲ್ಲಿ ಎಲೆಯುದುರಿದ ಮೇಲೆ ಕತ್ತರಿಯನ್ನು ಮುಟ್ಟದಿರುವುದೇ ಮೇಲು. ನಿಂತ ಕಡ್ಡಿಗಳ ಗೋಜಲು ಹಿಮವನ್ನು ಹಿಡಿದು ಬುಡದ ಮೇಲೆ ನಿಲ್ಲಿಸುತ್ತದೆ. ನೆಲವು ಹೆಪ್ಪುಗಟ್ಟುವುದಕ್ಕೆ ಮುಂಚೆ ಒಂದು ಸಲ ತುಂಬ ನೀರು ಕೊಡಬೇಕು. ನೆಲವು ಗಟ್ಟಿಯಾದ ಮೇಲೆ ಒಂದು ಗೇಣಿನಷ್ಟು ಒಣ ಎಲೆಗಳನ್ನು ಬುಡದ ಮೇಲೆ ಹೊದಿಸಬೇಕು. ಮೊದಲೇ ಹೊದಿಸಿದರೆ ಇಲಿಗಳು ಬೆಚ್ಚಗಿನ ಮನೆಯೆಂದು ಸೇರಿಕೊಳ್ಳುತ್ತವೆ. ಅಂಗಳದ ದಾರಿಯಿಂದ ತೆಗೆದ ಹಿಮವನ್ನು ಬಳ್ಳಿಯ ಬುಡಕ್ಕೆ ಹಾಕುವುದು ಒಳ್ಳೆಯದೇ. ಆದರೆ ಜಾರದಿರಲೆಂದು ಉಪ್ಪು ಚೆಲ್ಲಿದ ಬೀದಿಯ ಹಿಮವನ್ನು ಎಂದಿಗೂ ಹಾಕಕೂಡದು.

ವಸಂತದಲ್ಲಿ ಬೇಕಾದದ್ದು ತಾಳ್ಮೆ. ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದಾಗ ಒಳಗೆ ಹಸುರು ಕಂಡರೆ ಜೀವವಿದೆಯೆಂದು ತಿಳಿಯಬಹುದು. ಕಾಣದಿದ್ದರೆ ಆ ಕಡ್ಡಿಯು ಸತ್ತಿರಬಹುದೇ ಹೊರತು ಬಳ್ಳಿಯು ಸತ್ತಿತೆಂದು ತೀರ್ಮಾನಿಸಕೂಡದು. ಕಡುಚಳಿಯ ವರ್ಷದ ಬಳಿಕ ಬುಡದ ಚಿಗುರು ಮೇ ಕಳೆದು ಜೂನ್ ತಿಂಗಳಲ್ಲಿ ಕಾಣಿಸಿಕೊಳ್ಳುವುದುಂಟು. ಜೂನ್ ಕೊನೆಯವರೆಗೆ ಕಾದು, ಆಮೇಲೆಯೂ ನೆಲದಲ್ಲಿ ಏನೂ ಕಾಣದಿದ್ದರೆ ಆಗ ಗುದ್ದಲಿಯನ್ನು ತೆಗೆದುಕೊಳ್ಳಬಹುದು. ಮೊದಲ ಚಿಗುರು ಗಾಜಿನ ಕಡ್ಡಿಯಂತೆ ಪೆಡಸು; ಒಣ ಎಲೆಗಳ ಹೊದಿಕೆಯನ್ನು ಕೈಯಿಂದ ಮೆಲ್ಲಗೆ ಸರಿಸಬೇಕು, ಕುಂಟೆಯಿಂದ ಎಳೆಯಬಾರದು.

ಬೇಸಗೆಯ ನಡುವೆ ಮೊಗ್ಗುಬಿಟ್ಟು ಸೊಂಪಾಗಿದ್ದ ಬಳ್ಳಿಯ ಒಂದು ಕವಲೋ ಇಡೀ ಬಳ್ಳಿಯೋ ಇದ್ದಕ್ಕಿದ್ದಂತೆ ಬಾಡಿ ಕಪ್ಪಾಗುವುದುಂಟು. ಇದು ಒಂದು ಶಿಲೀಂಧ್ರದಿಂದ ಬರುವ ಸೊರಗು ರೋಗ. ದೊಡ್ಡ ಹೂವಿನ ತಳಿಗಳಿಗೆ ಇದರ ಬಾಧೆ ಹೆಚ್ಚು. ವಿಟಿಸೆಲ್ಲ ಜಾತಿಯು ಬಹುಮಟ್ಟಿಗೆ ಇದನ್ನು ತಡೆಯಬಲ್ಲುದು. ಬಾಡಿದ ಭಾಗವನ್ನು ಆರೋಗ್ಯವಾದ ಕಡ್ಡಿಯವರೆಗೆ, ಬೇಕಾದರೆ ನೆಲದವರೆಗೂ ಕತ್ತರಿಸಿ, ಗೊಬ್ಬರದ ಗುಂಡಿಗೆ ಹಾಕದೆ ದೂರ ಸಾಗಿಸಿ, ಕತ್ತರಿಯನ್ನು ಶುಚಿಮಾಡಬೇಕು. ಆಳವಾಗಿ ನೆಟ್ಟಿದ್ದರೆ ಬಳ್ಳಿಯು ಅದೇ ವರ್ಷವೋ ಮರುವರ್ಷವೋ ಮತ್ತೆ ಏಳುವುದು.

ಗೃಹಿಣಿಯರಿಗೆ ಒಂದು ಎಚ್ಚರಿಕೆ. ಈ ಬಳ್ಳಿಯ ಹಸಿಯ ರಸವು ಚರ್ಮಕ್ಕೆ ಉರಿಯುಂಟುಮಾಡುತ್ತದೆ. ಹೊಟ್ಟೆಗೆ ಹೋದರೆ ಕೇಡು. ಹಿಂದಿನ ಕಾಲದಲ್ಲಿ ಫ್ರಾನ್ಸ್ ದೇಶದ ಭಿಕ್ಷುಕರು ಕನಿಕರವನ್ನು ಹುಟ್ಟಿಸುವುದಕ್ಕಾಗಿ ಇದರ ರಸವನ್ನು ಮೈಗೆ ತಿಕ್ಕಿ ಹುಣ್ಣು ಮಾಡಿಕೊಳ್ಳುತ್ತಿದ್ದರಂತೆ. ಕಾಡು ಕ್ಲೆಮ್ಯಾಟಿಸ್‌ಗೆ ಅಲ್ಲಿ ಭಿಕ್ಷುಕರ ಸೊಪ್ಪು ಎಂಬ ಹೆಸರೇ ಇದೆ. ಸವರುವಾಗ ಕೈಚೀಲವನ್ನು ಧರಿಸಬೇಕು. ಚಿಕ್ಕ ಮಕ್ಕಳು ಎಲೆ ಹೂವುಗಳನ್ನು ಬಾಯಿಗಿಡದಂತೆ ನೋಡಿಕೊಳ್ಳಬೇಕು.

ಕೊನೆಯದಾಗಿ, ತಾವು ನೆಡದ ಬಳ್ಳಿಗೆ ಒಡೆಯರಾದವರಿಗೆ ಒಂದು ಮಾತು. ಪರದೇಶದಲ್ಲಿ ಮನೆಯನ್ನು ಕೊಂಡಾಗ ಹಿಂದೆ ಅಲ್ಲಿದ್ದವರು ಬೆಳಸಿದ ಬಳ್ಳಿಯೂ ಮನೆಯೊ೦ದಿಗೆ ಬರುವುದುಂಟು. ಅದರ ಹೆಸರು ಬರೆದ ಚೀಟಿಯು ಎಂದೋ ಹಾರಿಹೋಗಿರುತ್ತದೆ. ಕೇಳೋಣವೆಂದರೆ ನೆಟ್ಟವರು ಅಲ್ಲಿರುವುದಿಲ್ಲ. ಅಂಥ ಬಳ್ಳಿಯನ್ನು ಒಂದು ವರ್ಷ ಸುಮ್ಮನೆ ನೋಡತಕ್ಕದ್ದು. ಮೊದಲ ಹೂವು ಯಾವ ದಿನ ಅರಳಿತು, ಬಲಿತ ಕಡ್ಡಿಯ ಮೇಲೋ ಎಳೆಯ ಚಿಗುರಿನ ಮೇಲೋ, ಮತ್ತೊಮ್ಮೆ ಅರಳಿತೋ ಇಲ್ಲವೋ ಎಂಬ ಮೂರು ಸಂಗತಿಗಳನ್ನು ಪಂಚಾಂಗದ ಅಂಚಿನಲ್ಲಿ ಗುರುತುಹಾಕಿಟ್ಟರೆ ಸಾಕು. ಬಳ್ಳಿಯು ಯಾವ ವರ್ಗದ್ದೆಂಬುದು ವರ್ಷದ ಕೊನೆಗೆ ತಾನಾಗಿ ತಿಳಿಯುವುದು. ವಸಂತದಲ್ಲಿ ಹಳೆಯ ಕಡ್ಡಿಯ ಮೇಲೆ ಅರಳಿದ್ದಾದರೆ ಹೂವಾದ ಮೇಲೆ ಸವರಿ. ಎರಡು ಸಲ ಅರಳಿದ್ದಾದರೆ ಕಣ್ಣು ನೋಡಿ ಹಗುರವಾಗಿ ಸವರಿ. ಬೇಸಗೆಯ ನಡುವೆ ಹೊಸ ಚಿಗುರಿನ ಮೇಲೆ ಅರಳಿದ್ದಾದರೆ ವಸಂತದಲ್ಲಿ ಅಡಿಯೆತ್ತರಕ್ಕೆ ಇಳಿಸಿ. ಆಮೇಲೆ ಅದರ ವರ್ಗವನ್ನು ತಗಡಿನ ತುಂಡಿನ ಮೇಲೆ ಬರೆದು ಹಂದರಕ್ಕೆ ಕಟ್ಟಿಡಿ. ಮುಂದೆ ಆ ಮನೆಗೆ ಬರುವವರಿಗೂ ಅದು ಉಪಕಾರವಾಗುವುದು.